ಎರಡು ಬಳಗಗಳ ವಿಳಾಸ

ಕೊಚ್ಚಿಯ ನಮ್ಮ ಕನ್ನಡ ಬಳಗದವರೆಲ್ಲ ಒಬ್ಬೊಬ್ಬರಾಗಿ ವರ್ಗವಾಗಿ ಹೋಗಿ, ಕೊನೆಗೆ ಉಳಿದವನು ನಾನೊಬ್ಬ. ಆದರೂ ತಿರುವನಂತಪುರದ ಬಳಗದ ಭಟ್ಟರು ಫೋನಿನಲ್ಲಿ ಕೇಳಿದಾಗಲೆಲ್ಲ "ನಲವತ್ತು ಮನೆ ಇದ್ದೇವೆ" ಎಂದುಬಿಡುತ್ತಿದ್ದೆ. ಅವರು "ನಾವು ಅರವತ್ತು" ಎನ್ನುತ್ತಿದ್ದರು.

ಆ ಅರವತ್ತರ ಆಸೆಗೆ ಒಂದು ಭಾನುವಾರ ಕೊಚ್ಚಿಯ ಎಡಪ್ಪಳ್ಳಿಯ ನನ್ನ ಕೋಣೆಯಲ್ಲಿ ಕೂತು, ನಮ್ಮ ವೆಬ್‌ಸೈಟಿನ ಹೆಸರು ಒತ್ತಿದವರು ಅವರ ಸೈಟಿಗೆ ಹೋಗುವಂತೆ ಡಿಎನ್‌ಎಸ್ ಎಂಬ ಅಂತರ್ಜಾಲದ ವಿಳಾಸಪಟ್ಟಿಯಲ್ಲಿ ಒಂದು ಸಾಲು ಬದಲಿಸಿದೆ. ಇನ್ನು ನಾನೂ ಅವರಲ್ಲೊಬ್ಬ ಅಂದುಕೊಂಡೆ. ಮರುದಿನ ನೋಡಿದರೆ ಎರಡು ಸೈಟೂ ತೆರೆಯುತ್ತಿಲ್ಲ. ಭಟ್ಟರಿಗೆ ಫೋನ್ ಮಾಡಿದೆ.

"ಅಯ್ಯೋ ಮಾರಾಯ್ರೇ, ನಾನೂ ನಿನ್ನೆಯೇ ನಮ್ಮ ಹೆಸರನ್ನು ನಿಮ್ಮದಕ್ಕೆ ತಿರುಗಿಸಿಬಿಟ್ಟೆ! ನಿಮ್ಮಲ್ಲಿ ನಲವತ್ತು ಮನೆ ಉಂಟಲ್ಲ?"

ನಮ್ಮ ಸೈಟನ್ನು ಕೇಳಿದರೆ ಅವರದನ್ನು ಕೇಳು ಎನ್ನುತ್ತದೆ, ಅವರದನ್ನು ಕೇಳಿದರೆ ನಮ್ಮದನ್ನು. ತೆರೆಯುವುದಾದರೂ ಹೇಗೆ?

"ಮತ್ತೆ ನಿಮ್ಮ ಅರವತ್ತು?" ಎಂದೆ.

ಭಟ್ಟರು ದನಿ ತಗ್ಗಿಸಿದರು.

"ನಾನೊಬ್ಬನೇ. ನೀವು?"

"ನಾನೂ."

ಆಮೇಲೆ ಯಾರ ಹೆಸರು ಉಳಿಸಬೇಕು, ಯಾರು ಅಧ್ಯಕ್ಷ ಎಂದು ಒಂದು ಗಂಟೆ ಜಗಳವಾಡಿದೆವು. ಅಷ್ಟು ಹೊತ್ತು ಕನ್ನಡ ಮಾತಾಡಿ ನನಗೆ ಎಷ್ಟೋ ತಿಂಗಳಾಗಿತ್ತು. ಹಾಗಾಗಿ ಭಟ್ಟರು ಒಪ್ಪಿಕೊಳ್ಳುವ ಹಾಗೆ ಕಂಡಾಗಲೆಲ್ಲ ನಾನು ಇನ್ನೊಂದು ತಕರಾರು ತೆಗೆದೆ.