ಹಿರಿಯರ ಗಾಡಿಯ ನಡುವಿನ ಸೀಟು

ಗಾಡಿಯೊಳಗೆ ಕೂತ ಮನುಷ್ಯನ ಸ್ಥಾನಮಾನ ತಿಳಿಯಲು ಅವನ ಜಾತಕ ನೋಡಬೇಕಾಗಿಲ್ಲ. ಅವನ ಕೈ ಕಿಟಕಿಗೆ ಎಟಕುತ್ತದೆಯೇ ಎಂದು ನೋಡಿದರೆ ಸಾಕು. ನನ್ನ ಕೈ ಎಂದೂ ಎಟಕಿಲ್ಲ. ನಮ್ಮ ಪಕ್ಷದ ಹಿರಿಯರು ಸಿಂಧನೂರಿನಿಂದ ಎಲ್ಲಿಗೇ ಹೊರಡಲಿ, ಮುಂದಿನ ಸೀಟಿನಲ್ಲಿ ನನ್ನ ಬೀಗರು, ಹಿಂದೆ ಒಂದು ಕಿಟಕಿಗೆ ಅಕ್ಕಿ ಗಿರಣಿಯ ಸಾಹುಕಾರರು, ಇನ್ನೊಂದು ಕಿಟಕಿಗೆ ಸಾಲಗುಂದದ ಗೌಡರು, ಅವರಿಬ್ಬರ ನಡುವೆ ನಾನು. ಇಬ್ಬರೂ ಉಂಡು ಬೆಳೆದ ಮನೆತನದವರು. ಅವರು ಉಸಿರು ಬಿಟ್ಟಾಗ ನಾನು ಉಸಿರು ಎಳೆದುಕೊಳ್ಳುತ್ತಿದ್ದೆ.

ನಮ್ಮದು ಉದಾರವಾದಿ ಪಕ್ಷ. ಹೆಣ್ಣು ಗಂಡೆಂಬ ಭೇದವಿಲ್ಲ, ಮೇಲು ಕೀಳೆಂಬುದಿಲ್ಲ, ಹಳೆಯದೆಂಬ ಒಂದೇ ಕಾರಣಕ್ಕೆ ಯಾವುದನ್ನೂ ಪೂಜಿಸುವುದಿಲ್ಲ ಎಂದು ವೇದಿಕೆಯ ಮೇಲೆ ನಿಂತು ಘೋಷಿಸುವ ಪಕ್ಷ. ಆ ಭಾಷಣಗಳನ್ನು ತಾಲೂಕು ಘಟಕದ ಕಾರ್ಯದರ್ಶಿಯಾದ ನಾನೇ ಬರೆದುಕೊಡುತ್ತಿದ್ದೆನಾದ್ದರಿಂದ ಈ ವಿಷಯದಲ್ಲಿ ನನಗೆ ಸಂಶಯವಿಲ್ಲ. ಭಾಷಣ ಮುಗಿಸಿದ ಹಿರಿಯರು ಸಂಜೆ ಗಿರಣಿಯ ಕಟ್ಟೆಗೆ ಬಂದು, ತೌಡಿನ ವಾಸನೆಯ ನಡುವೆ ಕಾಲು ಚಾಚಿ ಕೂತು, ಕಾಲ ಕೆಟ್ಟಿತೆಂದು ನಿಟ್ಟುಸಿರು ಬಿಡುತ್ತಿದ್ದರು. ಈ ಕಟ್ಟೆಯ ಕೂಟವನ್ನು ಬಣ ಎಂದು ಕರೆದರೆ ಅವರಿಗೆ ಬೇಸರ. ಬಣ ಎಂಬುದು ಬೇರೆಯವರಲ್ಲಿ ಇರುವಂಥದ್ದು, ನಾವು ಬರೀ ಹಿರಿಯರು. ಸಮಾನತೆಯ ಮೆರವಣಿಗೆಯನ್ನು ಹಿರಿಯರು ರಾಹುಕಾಲ ಕಳೆದ ಮೇಲೆಯೇ ಹೊರಡಿಸುತ್ತಿದ್ದರು. ಸಭೆಯಲ್ಲಿ ಎಲ್ಲರಿಗೂ ಪೇಪರ್ ಕಪ್ಪಿನಲ್ಲಿ ಚಹಾ ಕೊಡಿಸುತ್ತಿದ್ದರು. ಈ ಪೇಪರ್ ಕಪ್ ಎಂಬ ವಸ್ತು ನಮ್ಮ ಹಿರಿಯರ ಪಾಲಿಗೆ ದೊಡ್ಡ ಉಪಕಾರ ಮಾಡಿದೆ. ಎಲ್ಲರಿಗೂ ಒಂದೇ ಬಗೆಯದು, ಯಾರೂ ಯಾರದನ್ನೂ ತೊಳೆಯಬೇಕಿಲ್ಲ, ಯಾರು ತೊಳೆಯಲಿಲ್ಲವೆಂದು ಕೇಳುವವರೂ ಇಲ್ಲ.

ನಾನು ಹಿರಿಯರ ಗುಂಪಿಗೆ ಸಿದ್ಧಾಂತದಿಂದ ಸೇರಿದವನಲ್ಲ, ಸಂಬಂಧದಿಂದ ಸೇರಿದವನು. ಆ ಗುಂಪಿನ ಮುಖ್ಯಸ್ಥರ ಮನೆಗೆ ನನ್ನ ಮಗಳನ್ನು ಕೊಟ್ಟಿದ್ದೇನೆ. ಹೆಣ್ಣು ಕೊಟ್ಟವನು ಸ್ವಲ್ಪ ಬಗ್ಗಿ ನಡೆಯಬೇಕು ಎಂಬುದರ ವಿರುದ್ಧವೂ ನಾನೊಂದು ಭಾಷಣ ಬರೆದಿದ್ದೆ. ಬೀಗರು ಅದನ್ನು ಬಹಳ ಚೆನ್ನಾಗಿ ಓದಿದ್ದರು. ನಾನು ಕೆಳಗೆ ಬಗ್ಗಿ ಮೈಕಿನ ವೈರು ಹಿಡಿದಿದ್ದೆ.

ಈಗ ಟೀಚರ್ ವಿಷಯ. ತುರ್ವಿಹಾಳದವರು, ಬೌದ್ಧ ಕುಟುಂಬ, ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಮೇಲೆ ಪಕ್ಷಕ್ಕೆ ಬಂದವರು. ನನ್ನ ಮಗಳಿಗೂ ಅವರೇ ಗಣಿತ ಕಲಿಸಿದ್ದು. ಬಂದ ಮೊದಲ ಸಭೆಯಲ್ಲೇ ಹಿರಿಯರು ಅವರಿಗೆ ಸ್ವಾಗತ ಭಾಷಣದ ಗೌರವ ಕೊಟ್ಟರು. ಆ ಗೌರವ ಎಷ್ಟು ಗಟ್ಟಿಯಾಗಿ ಅಂಟಿಕೊಂಡಿತೆಂದರೆ, ಮುಂದೆ ಪ್ರತಿ ಸಭೆಯಲ್ಲೂ ಅವರು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು, ಕೈಯಿಂದ ಕುರ್ಚಿ ತೋರಿಸಿ, ಕೊನೆಗೆ ತಾವು ವೇದಿಕೆಯ ಮೆಟ್ಟಿಲ ಪಕ್ಕ ನಿಲ್ಲುತ್ತಿದ್ದರು. ವೇದಿಕೆಯ ಮೇಲಿನ ಕುರ್ಚಿಗಳು ಅವರ ಪಾಲಿಗೆ ಯಾಕೋ ಯಾವಾಗಲೂ ಒಂದು ಕಡಿಮೆ ಬೀಳುತ್ತಿದ್ದವು.

ತಾಲೂಕು ಅಧ್ಯಕ್ಷರ ಸ್ಥಾನ ಖಾಲಿಯಾದಾಗ ಹಳ್ಳಿಗಳ ಹೆಣ್ಣುಮಕ್ಕಳು, ಕೆಲವು ಹುಡುಗರು ಟೀಚರ್ ಆಗಲಿ ಎಂದರು. ಗಿರಣಿಯ ಕಟ್ಟೆ ಗಂಭೀರವಾಯಿತು.

“ಟೀಚರಮ್ಮ ಬಾಳ ಒಳ್ಳೆ ಹೆಣ್ಮಗಳು. ಅದರಾಗ ಎರಡು ಮಾತಿಲ್ಲ,” ಎಂದರು ಗೌಡರು. ನಮ್ಮ ಕಟ್ಟೆಯಲ್ಲಿ ಯಾರನ್ನಾದರೂ ಒಳ್ಳೆಯವರೆಂದು ಮೊದಲೇ ಒಪ್ಪಿಬಿಟ್ಟರೆ ಅವರ ಕೆಲಸ ಕೆಟ್ಟಿತೆಂದೇ ತಿಳಿಯಬೇಕು.

“ಇಲ್ಲಂದವ್ರು ಯಾರು?” ಎಂದರು ಸಾಹುಕಾರರು. “ನಮ್ಮದೇನ್ ವಿರೋಧ ಇಲ್ಲ. ಆದ್ರ ಮಂದಿ ಒಪ್ಪಬೇಕಲ್ರಿ.”

“ಯಾವ ಮಂದೀರಿ?” ಎಂದೆ ನಾನು.

“ಮಂದಿ ಅಂದ್ರ ಮಂದಿ. ನಿಮ್ಮಂಥವ್ರು, ನಮ್ಮಂಥವ್ರು.”

ಸುತ್ತ ನೋಡಿದೆ. ಮಂದಿ ಎಂದರೆ ನಾವೇ ಎಂಬುದು ಖಚಿತವಾಯಿತು.

ಬೀಗರು ಹೆಗಲ ಮೇಲಿನ ಶಲ್ಯ ಸರಿಮಾಡಿಕೊಂಡು, “ನನಗಂತೂ ಕುರ್ಚಿ ಆಸೆ ಇಲ್ಲಪಾ,” ಎಂದರು. “ಹಿರೇರು ಹೇಳಿದ್ರ ಬ್ಯಾಡ ಅನ್ನಂಗಿಲ್ಲ, ಅಷ್ಟ.” ಅಲ್ಲಿದ್ದವರಲ್ಲಿ ಎಲ್ಲರಿಗಿಂತ ಹಿರಿಯರು ಅವರೇ ಆಗಿದ್ದರು.

ಇಲ್ಲಿ ನಮ್ಮ ಪದ್ಧತಿಯನ್ನು ವಿವರಿಸಬೇಕು. ಪಕ್ಷದಲ್ಲಿ ಕೈ ಎತ್ತಿಸಿ ಆರಿಸುವುದಿಲ್ಲ. ಬೇರೆ ಜಿಲ್ಲೆಯಿಂದ ಒಬ್ಬ ವೀಕ್ಷಕರು ಲಿಂಗಸುಗೂರಿಗೆ ಬಂದು, ಒಬ್ಬೊಬ್ಬರನ್ನೇ ಕೋಣೆಗೆ ಕರೆದು, ಬಾಗಿಲು ಹಾಕಿಕೊಂಡು, “ಯಾರು ಆಗಬೇಕು, ಹೆಸರು ಹೇಳಿ” ಎಂದು ಕೇಳುತ್ತಾರೆ. ಹಿರಿಯರ ಪದ್ಧತಿ ಇದಕ್ಕಿಂತ ಹಳೆಯದು. ಮರ್ಯಾದಸ್ಥನಾದವನು ತನ್ನ ಹೆಸರನ್ನಾಗಲಿ ತನ್ನವರ ಹೆಸರನ್ನಾಗಲಿ ತನ್ನ ಬಾಯಿಂದ ಹೇಳಬಾರದು. ಕೇಳಿದರೆ “ನಮ್ಮದು ಯಾರ ಹೆಸರೂ ಇಲ್ಲ” ಎಂದು ಎದ್ದು ಬರಬೇಕು. ಎಲ್ಲರೂ ಹೀಗೆ ಎದ್ದು ಬಂದ ಮೇಲೆ, ಕೊನೆಯಲ್ಲಿ ಒಬ್ಬನು ಹೋಗಿ ಎಲ್ಲರ ಪರವಾಗಿ ಹೆಸರು ಹೇಳುತ್ತಾನೆ. ಇದರಿಂದ ಆಸೆಯೂ ಈಡೇರುತ್ತದೆ, ಆಸೆ ಇರಲಿಲ್ಲವೆಂಬ ಕೀರ್ತಿಯೂ ಉಳಿಯುತ್ತದೆ.

“ಕಡೀಕ ನೀವು ಹೋಗ್ರಿ,” ಎಂದರು ಸಾಹುಕಾರರು ನನಗೆ. “ಬಾಯಿ ನಿಮ್ದು, ಮಾತು ಎಲ್ಲಾರ್ದು. ಶುದ್ಧ ಕನ್ನಡದಾಗ ಹೇಳ್ರಿ, ಬ್ಯಾರೆ ಜಿಲ್ಲಾದವ್ರು ಬರ್ತಾರ.”

ಬೀಗರು ನನ್ನ ಕಡೆ ನೋಡಲಿಲ್ಲ. ಗಿರಣಿಯ ತಗಡಿನ ಮಾಡನ್ನು ನೋಡುತ್ತಿದ್ದರು. ಆಸೆ ಇಲ್ಲದವರು ಹಾಗೆಯೇ ನೋಡುತ್ತಾರೆ.

ಮರುದಿನ ಮುಂಜಾನೆ ಮಗಳು ಫೋನು ಮಾಡಿದಳು. “ಅಪ್ಪಾ, ಲಿಂಗಸುಗೂರಿಗೆ ಹೊಂಟೀರಂತ? ಮಾವಾರು ಹೊಸ ಅಂಗಿ ಇಸ್ತ್ರಿ ಮಾಡಿಸ್ಯಾರ.”

“ಹೌದವ್ವ.”

“ಯಾರ ಹೆಸರು ಹೇಳ್ತಿ ಅಂತ ನಾ ಕೇಳಂಗಿಲ್ಲ. ಆದ್ರ ಮುಂದ ಯಾರರೆ ಕೇಳಿದ್ರ, ಮಗಳ ಮುಖಾ ನೋಡಿ ಹಂಗ ಹೇಳಿದೆ ಅಂತ ಮಾತ್ರ ಅನಬ್ಯಾಡ. ನನ್ನ ಮುಖಾ ನನಗಿರ್ಲಿ.”

ನನ್ನ ಬಳಿ ಇದ್ದದ್ದು ಅದೊಂದೇ ನೆಪ. ಅದನ್ನೂ ಹೆತ್ತ ಮಗಳೇ ಕಿತ್ತುಕೊಂಡಳು. ಅಂಗಿ ಹಾಕಿಕೊಂಡು ನಡುವಿನ ಸೀಟಿಗೆ ಹೋಗಿ ಕೂತೆ.

ಮಸ್ಕಿಯಲ್ಲಿ ಗಾಡಿ ನಿಂತಿತು. ಗೌಡರಿಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನದೆ ಮಸ್ಕಿ ದಾಟುವ ಅಭ್ಯಾಸವಿಲ್ಲ. ಅವರು ಇಳಿದದ್ದರಿಂದ ನನಗೂ ಇಳಿಯಲು ದಾರಿಯಾಯಿತು. ಹೋಟೆಲಿನ ಮುಂದೆ, ಸಿಂಧನೂರಿನ ಬಸ್ಸಿನಿಂದ ಇಳಿದ ಟೀಚರ್ ಚಹಾ ಕುಡಿಯುತ್ತ ನಿಂತಿದ್ದರು. ಗಾಜಿನ ಲೋಟದಲ್ಲಿ. ಗೌಡರು ದೂರದಿಂದಲೇ ಬಹಳ ವಿನಯದಿಂದ ನಮಸ್ಕರಿಸಿ ಒಳಗೆ ಹೋದರು.

“ಟೀಚರ್, ನೀವೂ ನಮ್ಮ ಗಾಡ್ಯಾಗ ಬರಬಹುದಿತ್ತಲ್ರಿ,” ಎಂದೆ. ಅದರಲ್ಲಿ ಜಾಗ ಎಷ್ಟಿದೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ.

“ಬಸ್ಸಿನ್ಯಾಗ ಕಿಟಕಿ ಸಿಗತೈತ್ರಿ ಅಣ್ಣಾರ,” ಎಂದರು. ಲೋಟ ಕೆಳಗಿಟ್ಟರು. “ಒಂದು ಮಾತು. ಒಳಗ ಹೋಗಿ ನನ್ನ ಹೆಸರು ಹೇಳ್ತೀರೋ ಇಲ್ಲೋ, ನನಗ ಹೇಳಬ್ಯಾಡ್ರಿ. ನೀವು ಹೆಣ್ಣು ಕೊಟ್ಟವ್ರು, ನನಗೂ ತಿಳಿತೈತಿ. ಆದ್ರ ಈ ಸಲ ಆಗಲಿಲ್ಲಂದ್ರ ನಾ ಮನ್ಯಾಗ ಕುಂದ್ರಾಕಿ. ಮಂದಿಗೆ ಕುರ್ಚಿ ತೋರಿಸಿ ತೋರಿಸಿ ಕೈ ಸೋತಾವ್ರಿ.”

ಗಾಡಿಯಿಂದ ಬೀಗರು ಹಾರ್ನು ಹೊಡೆಸಿದರು.

ಲಿಂಗಸುಗೂರಿನ ಪ್ರವಾಸಿ ಮಂದಿರದ ವರಾಂಡದಲ್ಲಿ ಎಲ್ಲರೂ ಸಾಲಾಗಿ ಕೂತೆವು. ವೀಕ್ಷಕರು ಇನ್ನೂ ಚಿಕ್ಕ ವಯಸ್ಸಿನವರು. ಹೆಣ್ಣುಮಕ್ಕಳು ಹೋಗಿ ಬಂದರು, ಹುಡುಗರು ಹೋಗಿ ಬಂದರು. ಗೌಡರು ಹೋಗಿ ಬಂದು, “ಯಾರ ಹೆಸರೂ ಇಲ್ಲ ಅಂತ ಹೇಳಿದೆ. ಬಾಳ ಖುಷಿ ಆದ್ರು,” ಎಂದರು. ಸಾಹುಕಾರರಿಗೂ ಅದೇ ಅನುಭವವಾಯಿತು. ಕೊನೆಗೆ ಬೀಗರು ಮತ್ತು ನಾನು ಉಳಿದೆವು. ಒಬ್ಬೊಬ್ಬರೇ ಹೋಗುವ ಆ ಕೋಣೆ ಮಾತ್ರ ನನ್ನದು ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಬಾಗಿಲು ಹಾಕಿದ ಮೇಲೆ ಬೀಗರಿಲ್ಲ, ಗೌಡರಿಲ್ಲ, ಸಾಹುಕಾರರಿಲ್ಲ, ಎರಡು ನಿಮಿಷ ನಾನೊಬ್ಬನೇ ಇರುತ್ತೇನೆ ಎಂದು.

ಬೀಗರು ಎದ್ದು ನನ್ನ ಕೈ ಹಿಡಿದರು. “ನಡೀರಿ, ಕೂಡೇ ಹೋಗೋಣು. ಬೀಗರಂದ್ರ ಒಂದ ಮನಿ.”

“ಒಬ್ಬೊಬ್ಬರೇ ಬರಬೇಕಿತ್ತು ಸರ್,” ಎಂದರು ವೀಕ್ಷಕರು.

“ನನಗ ಕಣ್ಣು ಮಂಜ್ರಿ. ಇವ್ರು ಕೈ ಹಿಡಕೊಂಡು ಕರಕೊಂಡು ಬಂದಾರ,” ಎಂದರು ಬೀಗರು. ಅದೇ ಮುಂಜಾನೆ, ಓಡುವ ಗಾಡಿಯಿಂದ, ಕಾಲುವೆಯ ಆಚೆ ದಂಡೆಯಲ್ಲಿ ಯಾರ ಗದ್ದೆಯ ನಾಟಿ ಹಿಂದೆ ಬಿದ್ದಿದೆ ಎಂದು ಅದೇ ಕಣ್ಣು ಗುರುತಿಸಿ ಹೇಳಿತ್ತು.

ಕೂತೆವು. ಕೈ ಬಿಡಲಿಲ್ಲ.

“ನಿಮ್ಮ ಅಭಿಪ್ರಾಯ ಹೇಳಿ ಸರ್.”

“ನಂದು ಯಾರ ಹೆಸರೂ ಇಲ್ರಿ,” ಎಂದರು ಬೀಗರು ಸಂತೃಪ್ತಿಯಿಂದ. “ಇವ್ರು ಹೇಳ್ತಾರ. ಇವ್ರು ಹೇಳಿದ್ದ ನನ್ನ ಮಾತು.”

ವೀಕ್ಷಕರು ನನ್ನ ಕಡೆ ತಿರುಗಿದರು. ಒಂದು ಪಕ್ಕ ಗೋಡೆ, ಒಂದು ಪಕ್ಕ ಬೀಗರು, ಬೆನ್ನ ಹಿಂದೆ ಮುಚ್ಚಿದ ಬಾಗಿಲು. ಕಿಟಕಿಯೊಂದು ಇತ್ತು, ಅದು ವೀಕ್ಷಕರ ಹಿಂದೆ ಇತ್ತು. ಬಾಯಿ ತೆರೆಯುವವರೆಗೂ ಯಾವ ಹೆಸರು ಬರುತ್ತದೆಂದು ನನಗೇ ಗೊತ್ತಿರಲಿಲ್ಲ ಎಂದರೆ ಸುಳ್ಳಾದೀತು. ಮಸ್ಕಿ ದಾಟುವಾಗಲೇ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು, ಧೈರ್ಯ ಬರುತ್ತದೋ ಇಲ್ಲವೋ ಎಂಬುದು. ಬಂತೋ ಇಲ್ಲವೋ ಇಂದಿಗೂ ಗೊತ್ತಿಲ್ಲ. ಟೀಚರ್ ಹೆಸರನ್ನು, ಅನುಮಾನಕ್ಕೆ ಎಡೆಯಿಲ್ಲದಂತೆ ಊರಿನ ಹೆಸರಿನ ಸಮೇತ, ಶುದ್ಧ ಕನ್ನಡದಲ್ಲಿ ಹೇಳಿದೆ.

ಬೀಗರ ಹಿಡಿತ ಬಿಗಿಯಾಯಿತು. ನನ್ನ ಬೆರಳುಗಳು ಒಂದಕ್ಕೊಂದು ಅಂಟಿಕೊಂಡವು.

“ಒಳ್ಳೆಯದು. ಸರ್, ತಮಗೂ ಒಪ್ಪಿಗೆ ತಾನೇ?”

ಬೀಗರು ಬಾಯಿ ತೆರೆದರು. ಒಪ್ಪಿಗೆ ಇಲ್ಲವೆಂದರೆ ಮತ್ತೆ ಯಾರೆಂದು ಕೇಳುತ್ತಾರೆ. ಕೇಳಿದರೆ ತಮ್ಮ ಹೆಸರನ್ನು ತಾವೇ, ಮೊಮ್ಮಗನ ವಯಸ್ಸಿನ ಪರವೂರಿನವನ ಎದುರು, ಹೆಣ್ಣು ಕೊಟ್ಟ ಬೀಗನ ಸಮಕ್ಷಮ ಹೇಳಬೇಕು. ಅವರ ತಂದೆ ಹೇಳಿದ್ದಿಲ್ಲ, ಅಜ್ಜ ಹೇಳಿದ್ದಿಲ್ಲ. ಗೌಡರ ಹೆಸರು ಹೇಳಬಹುದಿತ್ತು, ಆದರೆ ಗೌಡರು ಆಗಿಯೇಬಿಟ್ಟರೆ? ಬೀಗರು ತೆರೆದ ಬಾಯಿ ಮುಚ್ಚದೆಯೇ ಒಮ್ಮೆ ಫ್ಯಾನು ನೋಡಿದರು. ನನಗೆ ಅವರ ಮೇಲೆ ಮರುಕ ಬಂದಿತು. ಕೋಣೆಯಲ್ಲಿ ಸಿಕ್ಕಿಬಿದ್ದವನು ನಾನೊಬ್ಬನೇ ಅಲ್ಲ ಎಂದು ಆಗ ತಿಳಿಯಿತು.

“ಇವ್ರು ಹೇಳಿದ್ದ ನನ್ನ ಮಾತು ಅಂತ ಆಗಳೇ ಅಂದೀನಲ್ರಿ,” ಎಂದರು ಕೊನೆಗೆ.

“ಹಿರಿಯರೇ ಹೀಗೆ ಮುಂದೆ ಬಂದರೆ ಪಕ್ಷಕ್ಕೆ ಇನ್ನೇನು ಬೇಕು ಸರ್,” ಎಂದು ವೀಕ್ಷಕರು ಎದ್ದು ನಿಂತು ಕೈ ಮುಗಿದರು.

ಹೊರಗೆ ಗೌಡರು, “ಆತ್ರಿ?” ಎಂದರು. “ಆತು,” ಎಂದರು ಬೀಗರು. ಮತ್ತೆ ಅದೇ ಗಾಡಿ, ಅದೇ ಸೀಟು. ಮಸ್ಕಿ ಬಂದು ಹೋಯಿತು, ಗೌಡರು ಮಿರ್ಚಿ ಕೇಳಿದರೂ ಗಾಡಿ ನಿಲ್ಲಲಿಲ್ಲ. ಸಿಂಧನೂರು ಹತ್ತಿರ ಬಂದಾಗ ಬೀಗರು ಹಿಂದೆ ತಿರುಗದೆ ಕೇಳಿದರು. “ಬೀಗರ, ನಿಮಗ ಅಲ್ಲಿ ಗಾಳಿ ಬರಾಕತ್ತೈತೇನ್ರಿ?”

“ಬರಾಕತ್ತೈತ್ರಿ.”

“ಸಾಕಲ್ಲ ಮತ್ತ.”

ಪಕ್ಷದ ಆದೇಶ ಬಂದ ದಿನ ಕಟ್ಟೆಯ ಮೇಲೆ ಗೌಡರು ಅದನ್ನು ಎರಡೆರಡು ಸಲ ಓದಿಸಿ ಕೇಳಿದರು. ಅಧ್ಯಕ್ಷರು ಟೀಚರ್. ನನ್ನನ್ನು ಈಗ ಹೊರಗೆ ಹಾಕುತ್ತಾರೆ ಎಂಬ ಭಯವಿತ್ತು, ಅದರ ಕೆಳಗೆ ಒಂದು ಸಣ್ಣ ಆಸೆಯೂ ಇತ್ತು. ಆದರೆ ಬೀಗರು ಶಲ್ಯ ಸರಿಮಾಡಿಕೊಂಡು, “ನಾವ ಹೇಳಿಸಿದ್ವಿ,” ಎಂದರು. ತಮ್ಮ ಬಾಯಿಯೇ ತಮಗೆ ತಿರುಗಿಬಿತ್ತೆಂದು ಹೇಳುವುದಕ್ಕಿಂತ, ಆ ಬಾಯಿ ಆಡಿದ್ದೇ ತಮ್ಮ ಮಾತೆಂದು ಹೇಳುವುದರಲ್ಲಿ ಹೆಚ್ಚು ಮರ್ಯಾದೆಯಿತ್ತು. ಸಂಜೆಯ ಹೊತ್ತಿಗೆ ಸಿಂಧನೂರಿನ ತುಂಬ ಹಿರಿಯರ ದೊಡ್ಡತನದ ಸುದ್ದಿ. ಟೀಚರಿಗೆ ಎಲ್ಲರಿಗಿಂತ ದೊಡ್ಡ ಹಾರ ಹಾಕಿದವರೂ ಬೀಗರೇ. ಗೌಡರು ಮಾತ್ರ ನನ್ನನ್ನು ಬದಿಗೆ ಕರೆದು, “ಖರೇ ಹೇಳ್ರಿ, ಒಳಗ ಏನಾತು?” ಎಂದು ಕೇಳಿದರು.

“ಪದ್ಧತಿ ಪ್ರಕಾರ ಆತ್ರಿ,” ಎಂದೆ.

ಅಂದಿನಿಂದ ಹಿರಿಯರು ಉದಾರಿಗಳು ಎಂಬುದಕ್ಕೆ ನಾನೇ ಸಾಕ್ಷಿ. ಸಾಕ್ಷಿಯನ್ನು ಯಾರೂ ಹೊರಗೆ ಬಿಡುವುದಿಲ್ಲ. ಮೊದಲು ಎಲ್ಲಿಗಾದರೂ ಹೋಗುವಾಗ ಕರೆಯುತ್ತಿದ್ದರು, ಈಗ ಮನೆಗೇ ಗಾಡಿ ಕಳಿಸುತ್ತಾರೆ. ಮಗಳನ್ನು ಕೇಳಿದರೆ, “ಮಾವಾರು ಏನೂ ಅಂದಿಲ್ಲಪಾ. ನಿನ್ನ ಸುದ್ದಿ ಬಂದಾಗ ಟಿವಿ ಸೌಂಡ್ ಜಾಸ್ತಿ ಮಾಡ್ತಾರ, ಅಷ್ಟ,” ಎನ್ನುತ್ತಾಳೆ.

ಸುತ್ತಲ ತಾಲೂಕುಗಳೆಲ್ಲ ಸೇರುವ ಸಭೆಗೆ ಮೊದಲ ಸಲ ಲಿಂಗಸುಗೂರಿಗೆ ಹೊರಟಾಗ ಟೀಚರ್ ಗಿರಣಿಯ ಹತ್ತಿರ ಬಂದರು. ಬೀಗರು ತಾವೇ ಮುಂದಿನ ಬಾಗಿಲು ತೆರೆದು, “ಕುಂದರ್ರಿ ಅಧ್ಯಕ್ಷರ,” ಎಂದರು. ಸೀಟಿನ ಮೇಲೆ ಅವರ ಶಲ್ಯ, ಕನ್ನಡಕದ ಡಬ್ಬಿ ಇದ್ದವು. ಅವನ್ನು ತೆಗೆದಿರಲಿಲ್ಲ.

ಟೀಚರ್ ಸೀಟನ್ನೊಮ್ಮೆ ನೋಡಿದರು. “ನೀವು ಕುಂದರ್ರಿ ಅಣ್ಣಾರ. ನಾ ಬಸ್ಸಿಗೆ ಬರ್ತೀನಿ. ಅಲ್ಲಿ ಕುರ್ಚಿ ಮ್ಯಾಲ ಕುಂದ್ರತೀನಲ್ಲ, ಸಾಕು.” ಹೊರಟವರು ತಿರುಗಿದರು. “ಹಾಂ, ಇವತ್ತು ಸ್ವಾಗತ ಭಾಷಣ ನಿಮ್ದ ರೀ. ನಿಮ್ಮಂಥ ಹಿರೇರು ಮಾಡಿದ್ರ ಕಳೆ ಬರತೈತಿ.”

ಬೀಗರು ಬೇಡವೆನ್ನಲಿಲ್ಲ. ಕೊಟ್ಟ ಗೌರವವನ್ನು ಬೇಡವೆನ್ನುವುದು ಪದ್ಧತಿಯಲ್ಲಿ ಇಲ್ಲ.

ಹಾಗಾಗಿ ಆ ದಿನ ದಾರಿಯುದ್ದಕ್ಕೂ ನಾನು ಗೌಡರ ಮೊಣಕೈ ಮತ್ತು ಸಾಹುಕಾರರ ಮೊಣಕೈಗಳ ನಡುವೆ, ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಬೀಗರ ಸ್ವಾಗತ ಭಾಷಣ ಬರೆದೆ. ಬೀಗರು ಮುಂದೆ ಕೂತು ಒಂದೊಂದೇ ಸಾಲು ಕೇಳಿಸಿಕೊಂಡು, ತುಟಿ ಅಲ್ಲಾಡಿಸಿ ರೂಢಿ ಮಾಡಿಕೊಳ್ಳುತ್ತಿದ್ದರು. ಟೀಚರ್ ಹೆಸರು ಬಂದಲ್ಲಿ ಕೆಮ್ಮುತ್ತಿದ್ದರು. ಮಸ್ಕಿಯಲ್ಲಿ ಗೌಡರು ಮಿರ್ಚಿ ತಿಂದು ಬರುವಷ್ಟರಲ್ಲಿ ಬಸ್ಸು ಪಕ್ಕದಲ್ಲೇ ಹಾದು ಮುಂದೆ ಹೋಯಿತು. ಕಿಟಕಿಯಲ್ಲಿ ಟೀಚರ್ ಕೂತಿದ್ದರು, ಸೆರಗು ಗಾಳಿಗೆ ಹಾರುತ್ತಿತ್ತು, ನನ್ನನ್ನು ಕಂಡು ಕೈ ಎತ್ತಿದರು. ನಾನೂ ಎತ್ತಬೇಕೆಂದುಕೊಂಡೆ. ಒಂದು ಕೈ ಸಾಹುಕಾರರ ಪಕ್ಕೆಯ ಕೆಳಗೆ ಸಿಕ್ಕಿತ್ತು. ಇನ್ನೊಂದರಲ್ಲಿ ಪೆನ್ನಿತ್ತು, ಬೀಗರು ಮುಂದಿನ ಸಾಲು ಕೇಳುತ್ತಿದ್ದರು.