ಸಾಕಮ್ಮನಿಗೆ ಮದ್ದು ತಡೆದ ಮಧ್ಯಾಹ್ನ

ಮೊದಲು ಊದಿದ್ದು ಕಾಲು. ಬೆರಳಿಟ್ಟು ಒತ್ತಿದರೆ ಗುಳಿ ಬೀಳುತ್ತಿತ್ತು. ನನ್ನ ಹೆಂಡತಿ ಸಾಕಮ್ಮನಿಗೆ ಇನ್ನೂ ಮೂವತ್ತು ವರ್ಷ. ಬಿಂದಿಗೆ ಹೊತ್ತು ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಏದುಸಿರು.

ಮದ್ದೂರಿನ ಡಾಕ್ಟರು ಎದೆಗೆ ಕೊಳವೆಯಿಟ್ಟು ಕೇಳಿ, ಹಾರ್ಟಿನ ಕಾಯಿಲೆ ಎಂದರು. ಡಿಜಿಟಾಲಿಸ್ ಎಂಬ ಹನಿ ಮದ್ದಿನ ಸೀಸೆ ಕೊಟ್ಟು, ಮಂಡ್ಯದ ಆಸ್ಪತ್ರೆಗೆ ಸೇರಿಸಿ ಎಂದರು. ಯುದ್ಧದ ಕಾಲ. ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುತ್ತಿದ್ದ ಬಸ್ಸು ಏರು ಬಂದಲ್ಲೆಲ್ಲ ನಿಲ್ಲುತ್ತಿತ್ತು. ಗಾಡಿಯ ಚಕ್ರ ಮಾಡುವ ಬಡಗಿ ನಾನು. ಅಂಗಡಿ ಮುಚ್ಚಿ ವಾರ್ಡಿನಲ್ಲಿ ಅವಳ ಮಂಚದ ಪಕ್ಕ ಕೂತೆ.

ಆಸ್ಪತ್ರೆಯಲ್ಲೂ ಅದೇ ಹನಿ ಮದ್ದು ಕೊಟ್ಟರು. ಮೂರು ದಿನಕ್ಕೆ ಬಾವು ಕೊಂಚ ಇಳಿಯಿತು. ಆಮೇಲೆ ಅವಳು ಊಟ ಬಿಟ್ಟಳು. ಗಂಜಿ ಕಂಡರೂ ವಾಕರಿಕೆ. ಒಂದು ಬೆಳಿಗ್ಗೆ ಸುಣ್ಣದ ಗೋಡೆಯನ್ನೇ ನೋಡುತ್ತಾ, "ಗೋಡೆಗ್ಯಾರು ಅರಿಸ್ನ ಬಳುದ್ರು?" ಎಂದಳು.

ನಾನು ನಕ್ಕುಬಿಟ್ಟೆ.

ಅಂದು ಮಧ್ಯಾಹ್ನ ನರ್ಸಮ್ಮ ಮರಿಯಮ್ಮ ಮದ್ದಿನ ಲೋಟ ಹಿಡಿದು ಬಂದರು. ಎಂದಿನಂತೆ ಮೊದಲು ಸಾಕಮ್ಮನ ಮಣಿಕಟ್ಟು ಹಿಡಿದು ಗಡಿಯಾರ ನೋಡಿದರು. ಇನ್ನೊಮ್ಮೆ ಎಣಿಸಿದರು. ಲೋಟವನ್ನು ದೂರ ಸರಿಸಿದರು.

"ನಾಡಿ ನಲವತ್ತನಾಲ್ಕೇ ಇದೆ, ಅರವತ್ತಾದ್ರೂ ಇರ್ಬೇಕು. ಮದ್ದು ಈಗ ಕೊಡಲ್ಲ."

ನನಗೆ ಮೈಯೆಲ್ಲ ಉರಿಯಿತು. "ಡಾಕ್ಟ್ರೇ ಬರ್ದವ್ರೆ. ತಡ್ಯಕ್ಕೆ ನೀವ್ಯಾರಮ್ಮ? ಇವಳು ಸತ್ರೆ ಯಾರು ಗತಿ?"

"ಡಾಕ್ಟರಿಗೆ ಹೇಳಿ ಕಳಿಸ್ತೀನಿ. ಅವರು ಬಂದು ನೋಡೋವರೆಗೂ ಕೊಡಲ್ಲ. ಬೇಕಾದ್ರೆ ಬೈಯಿರಿ." ಆಯಾಳನ್ನು ಡಾಕ್ಟರ ಬಳಿಗೆ ಓಡಿಸಿ, ಅವರು ದನಿ ತಗ್ಗಿಸಿದರು. "ಬೇರೆ ಮದ್ದು ಏನಾದ್ರೂ ಕೊಡ್ತಿದ್ದೀರಾ? ನಿಜ ಹೇಳಿ."

ಚೀಲಕ್ಕೆ ಕೈಹಾಕಿ ಮದ್ದೂರಿನ ಸೀಸೆ ತೆಗೆದು ಅವರ ಕೈಗಿಟ್ಟೆ.

ಅರ್ಧ ಖಾಲಿಯಾಗಿತ್ತು.

ಆಸ್ಪತ್ರೆಯ ಹನಿ ಸಾಲದೆಂದು, ಬೇಗ ವಾಸಿಯಾಗಲೆಂದು, ಯಾರೂ ಇಲ್ಲದಾಗ ದಿನಕ್ಕೆರಡು ಸಲ ನಾನೇ ಕುಡಿಸುತ್ತಿದ್ದೆ. "ಬ್ಯಾಡ ಬುಡಿ, ವಟ್ಟೆ ತೊಳಸ್ತದೆ" ಎಂದು ಅವಳು ಮುಖ ತಿರುಗಿಸಿದರೂ ಗಲ್ಲ ಹಿಡಿದು ಬಾಯಿಗೆ ಹುಯ್ದಿದ್ದೆ.

ಡಾಕ್ಟರು ಬಂದು ಸೀಸೆ ನೋಡಿದರು. ಮದ್ದು ಮಿತಿಮೀರಿದೆ, ಅದಕ್ಕೇ ವಾಂತಿ, ಅದಕ್ಕೇ ಕಣ್ಣಿಗೆ ಹಳದಿ ಎಂದರು. ಇನ್ನೊಂದು ಸಲ ಕೊಟ್ಟಿದ್ದರೆ ಹಾರ್ಟು ನಿಂತರೂ ನಿಲ್ಲಬಹುದಿತ್ತಂತೆ. ಮದ್ದೆಲ್ಲ ನಿಲ್ಲಿಸಿದರು. ಕಾಯುವುದೊಂದೇ ಉಳಿಯಿತು. ನನ್ನನ್ನು ಯಾರೂ ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ಮರಿಯಮ್ಮ ಗಳಿಗೆಗೊಮ್ಮೆ ಬಂದು ನಾಡಿ ಎಣಿಸುವಾಗ ನಾನು ಅವರ ಮುಖವನ್ನೇ ನೋಡುತ್ತಿದ್ದೆ. ನಲವತ್ತಾರು. ಐವತ್ತು. ನಾಲ್ಕನೆಯ ದಿನ ಅರವತ್ತೆರಡು. ಅಂದು ಸಾಕಮ್ಮ ಗಂಜಿ ಕೇಳಿ ಕುಡಿದಳು. ಆಮೇಲೆ ಮದ್ದು ಮತ್ತೆ ಶುರುವಾಯಿತು, ಅರ್ಧ ಅಳತೆಯಲ್ಲಿ.

ಈಗ ಮನೆಗೆ ಬಂದು ತಿಂಗಳಾಯಿತು. ಹಾರ್ಟು ಪೂರಾ ಸರಿಹೋಗುವುದಿಲ್ಲ ಎಂದು ಡಾಕ್ಟರು ಹೇಳಿಯೇ ಕಳಿಸಿದ್ದಾರೆ. ನೀರು ನಾನೇ ಹೊರುತ್ತೇನೆ. ಸುಸ್ತಾಗುತ್ತದೆ, ಇಬ್ಬರಿಗೂ.

ನಿನ್ನೆ ಸಂಜೆ ಜಗಲಿಯ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದವಳು ತಲೆಯೆತ್ತದೆ ಕೇಳಿದಳು: "ಬ್ಯಾಡ ಅಂದ್ರೂ ಯಾಕ್ ಕುಡುಸ್ತಿದ್ರಿ?"

"ನೀ ಉಳ್ಕಳ್ಲಿ ಅಂತ ಕಣಮ್ಮಿ."

ಬಲಿತ ಕಡ್ಡಿಯೊಂದನ್ನು ಮುರಿದು ಪಕ್ಕಕ್ಕಿಟ್ಟಳು.

"ಇನ್ಮೇಲೆ ನಾ ಬ್ಯಾಡ ಅಂದ್ರೆ, ಯಾಕೆ ಅಂತ ಒಂದ್ ಮಾತು ಕೇಳಿ" ಎಂದಳು.

ಆಗಲಿ ಎಂದೆ.