ಅರ್ಧ ಕೆನ್ನೆಯ ವಿಮರ್ಶಕ

ಬೀದಿ ಕೊನೆಯ ಕ್ಷೌರದಂಗಡಿಯವನಿಗೆ ಪತ್ತೇದಾರಿ ಕಾದಂಬರಿ, ದೆವ್ವದ ಕಾದಂಬರಿ ಅಂದರೆ ಪ್ರಾಣ. ಮೊನ್ನೆ ಓದಿ ಮುಗಿಸಿದ್ದರ ಮೇಲೆ ಅವನ ತೀರ್ಪು ಬೇಕಾದರೆ ಕುರ್ಚಿಯಲ್ಲಿ ಕೂರಬೇಕು. ಬೇಡವೆಂದರೂ, ಕೂತವನಿಗೆ ಅದು ತಪ್ಪಿದ್ದಲ್ಲ. “ಅದೆಂಥಾ ದೆವ್ವ ರೀ, ಬಾಗಿಲು ಕಿರ್ ಅನ್ನಿಸೋದು ಬಿಟ್ಟು ಬೇರೆ ಕಸುಬೇ ಇಲ್ಲ! ಎರಡು ತೊಟ್ಟು ಎಣ್ಣೆ ಬಿಟ್ಟಿದ್ರೆ ಕಾದಂಬರಿನೇ ಮುಗಿದುಹೋಗ್ತಿತ್ತು,” ಅಂತ ಒಂದನ್ನು ತಳ್ಳಿಹಾಕುತ್ತಾನೆ. ಇನ್ನೊಂದರಲ್ಲಿ ಬರುವ ಡಾಕ್ಟರ ಮೇಲೆ ಅವನಿಗೆ ಗುಮಾನಿ: “ಹೆಂಡತಿ ಸತ್ತ ಮಾರನೇ ದಿನ ಅಷ್ಟು ನುಣ್ಣಗೆ ಗಡ್ಡ ಮಾಡ್ಕೊಂಡಿದಾನೆ, ಕೈ ನಡುಗಿಲ್ಲ ನೋಡಿ!” ಕಥೆ ರಂಗೇರಿದರೆ ಅರ್ಧ ಕೆನ್ನೆಯ ನೊರೆ ಹಾಗೇ ಉಳಿದು, ಕತ್ತಿ ಗಂಟಲ ಹತ್ತಿರ ನಿಂತುಬಿಡುತ್ತದೆ; ಗಿರಾಕಿ ಉಗುಳೂ ನುಂಗುವುದಿಲ್ಲ. ಕಾದಂಬರಿ ಚೆನ್ನಾಗಿದ್ದ ವಾರ ಬೀದಿಯ ಮೀಸೆಗಳೆಲ್ಲ ಒಂದು ಕಡೆ ಗಿಡ್ಡ. ಆದರೆ ಕೊಲೆಗಾರ ಯಾರು ಅಂತ ಕಾಲು ಹಿಡಿದರೂ ಬಾಯಿ ಬಿಡುವುದಿಲ್ಲ, “ಓದ್ಕೊಳ್ಳಿ,” ಅನ್ನುತ್ತಾನೆ. ಈ ನೇಮ ಮುರಿಯಲು ಹೊರಡುವುದು ಒಂದೇ ಕಡೆ: ಹಾಸಿಗೆ ಹಿಡಿದು, ಕಣ್ಣೂ ಮಂಜಾದ ಹಳೇ ಪೋಸ್ಟ್‌ಮಾಸ್ಟರರ ಮನೆಗೆ ಭಾನುವಾರ ಗಡ್ಡ ಮಾಡಲು ಹೋದಾಗ. ಮುಂದಿನ ವಾರ ಏನೋ ಎಂತೋ ಅಂತ, ನೊರೆ ಹಚ್ಚುವ ಮೊದಲೇ, “ಅಜ್ಜಾ, ಕೊಂದವನು ಯಾರು ಗೊತ್ತಾ?” ಅಂತ ಶುರುಮಾಡುತ್ತಾನೆ. ಅಜ್ಜ ಎರಡೂ ಕಿವಿ ಮುಚ್ಚಿಕೊಂಡು, “ಬಾಯ್ಮುಚ್ಚೋ! ಅದು ಬರೋ ಭಾನುವಾರಕ್ಕೆ,” ಅಂತ ಗದರಿ, ಗದ್ದ ಮುಂದೆ ಮಾಡುತ್ತಾರೆ.